ಅಂಗಳಕ್ಕ ಎರಡ ಎಸ್ಟಿಮೇಟು

ಹೋದ ವಾರ ನಮ್ಮ ಹಿಟ್ಟಿನ ಗಿರಣಿಗೆ ಪಟ್ಟಾ ತರಬೇಕಾಗಿತ್ತು. ರೋಣದಾಗ ಆ ಅಳತಿದು ಸಿಗಲಿಲ್ಲ, ಗಜೇಂದ್ರಗಡಕ್ಕ ಹೋದೆ. ಊರ ಹೊರಗ ಬಸ್ ಇಳದು ನಡಕೋತ ಹೊಂಟಾಗ ರಸ್ತೆ ಬಾಜೂಕ ಸಿಮೆಂಟ್ ಬ್ಲಾಕ್ ಮಾಡೋ ಜಾಗ ಒಂದಿತ್ತು. ಹಸಿ ಬ್ಲಾಕಿನ ಸಾಲಿಗೆ ಒಬ್ಬ ಪೈಪ್ ಹಿಡದು ನೀರ ಹೊಡಿಯಾಕ ಹತ್ತಿದ್ದ. ಬಿಸಲಿಗೆ ಕಾದ ಸಿಮೆಂಟಿನ ಮ್ಯಾಲ ನೀರ ಬಿದ್ರ ಒಂದ ನಮೂನಿ ವಾಸನಿ ಬರತೈತಿ. ಮಣ್ಣಿಂದೂ ಅಲ್ಲ, ಸುಣ್ಣದ್ದೂ ಅಲ್ಲ. ಅದು ಮೂಗಿಗೆ ಬಡದ ಕೂಡ್ಲೆ ಅಲ್ಲೇ ನಿಂತಬಿಟ್ಟೆ. ನಮ್ಮ ಅಂಗಳಕ್ಕ ಬ್ಲಾಕ್ ಹಾಕಿಸಿದ ಆ ಬ್ಯಾಸಗಿ ಕಣ್ಣ ಮುಂದ ಬಂತು. ಬರದ ಇಡೋಣು ಅಂತ ಈಗ ಕುಂತೀನಿ. ಮೊಬೈಲಿನ್ಯಾಗ ಒಂದೊಂದ ಅಕ್ಷರ ಹುಡುಕಿ ಒತ್ತಬೇಕು ನಾನು. ತಪ್ಪಿದ್ರ ಹೊಟ್ಟಿಗೆ ಹಾಕ್ಕೋರಿ.

ರೋಣದಾಗ ನಮ್ಮ ಮನಿ ಮತ್ತ ಹುಸೇನ್ ಕಾಕಾನ ಮನಿ ಎದರಾಬದರ ಅದಾವು. ನಡುವ ಒಂದ ಅಂಗಳ, ಅಂಗಳದಾಗ ಒಂದ ಬೇವಿನ ಗಿಡ. ಕಾಕಾ ಅಂದ್ರ ರಕ್ತ ಸಂಬಂಧ ಅಲ್ಲ. ಅವರು ಗಾದಿ, ತಲಿದಿಂಬು ಮಾಡೋ ಪಿಂಜಾರರು. ನಮ್ಮಪ್ಪನ ಗೆಳ್ಯಾ, ನಾನು ತೆವಳೂದ ಕಲತದ್ದೂ ಅವರ ಹತ್ತಿ ಮ್ಯಾಲ ಅಂತ ನಮ್ಮವ್ವ ಹೇಳತಿದ್ಲು. ಮಿಶಿನ್ ಬಂದ್ರೂ ಕಾಕಾ ಹತ್ತಿ ಹಿಂಜೋ ಬಿಲ್ಲ ಬಿಟ್ಟಿರಲಿಲ್ಲ. ಮುಂಜಾನಿ ಗಿಡದ ನೆಳ್ಳ ನಮ್ಮ ಮನಿ ಕಡೆ ಬೀಳತಿತ್ತು, ಆವಾಗ ಕಾಕಾ ನಮ್ಮ ಕಟ್ಟಿ ಮುಂದ ಕುಂತು ಹಿಂಜತಿದ್ರು. ಅದೇ ಹೊತ್ತಿಗೆ ನಮ್ಮಾಕಿ ಗಂಗಾ ಬಿಸಲ ಹುಡಿಕ್ಕೊಂಡ ಹೋಗಿ ಅವರ ಕಟ್ಟಿ ಮುಂದ ಮೆಣಸಿನಕಾಯಿ ಹಾಕತಿದ್ಲು. ಮಧ್ಯಾಹ್ನ ಆದ ಮ್ಯಾಲ ನೆಳ್ಳ ತಿರಗತಿತ್ತು, ಹತ್ತಿ ಆ ಕಡೆ, ಮೆಣಸಿನಕಾಯಿ ಈ ಕಡೆ.

"ಏ ಗಂಗವ್ವಾ, ನಿನ್ನ ಮೆಣಸಿನಕಾಯಿ ಘಾಟಿಗೆ ಸೀತ ಸೀತ ನನ್ನ ಬಿಲ್ಲಿನ ತಂತಿನ ಹರಿತೈತಿ ನೋಡು" ಅಂತ ಕಾಕಾ ಅನ್ನೋರು.

"ನಿಮ್ಮ ಹತ್ತಿ ಹಾರಿ ಬಂದು ನಮ್ಮ ಸಾರಿನ್ಯಾಗ ಬೀಳತೈತ್ರಿ. ನಿನ್ನೆ ನಿಮ್ಮ ಮಗ ಸಾರ ಉಣ್ಣಲಿಲ್ಲ, ಗಾದಿ ಉಂಡಾನ" ಅಂತ ನಮ್ಮಾಕಿ. ಮಗ ಅಂದ್ರ ನಾನು.

ಆ ಅಂಗಳ ಇಷ್ಟ ನಮ್ದು, ಇಷ್ಟ ಅವರದು ಅನ್ನೋ ಮಾತ ಯಾರ ಬಾಯಾಗೂ ಬಂದಿದ್ದಿಲ್ಲ. ಕಸಾ ಹೊಡಿಯೋವಾಗ ಯಾರು ಮೊದ್ಲ ಎದ್ದಿರತಾರೋ ಅವರು ಎರಡೂ ಹೊಸ್ತಲಾ ತನಾ ಹೊಡಿತಿದ್ರು. ನಮ್ಮಾಕಿ ಮತ್ತ ಮಾಬವ್ವ ಚಿಗವ್ವ, ಅಂದ್ರ ಕಾಕಾನ ಹೆಂಡ್ತಿ, ಇಬ್ಬರೂ ಒಬ್ಬರಿಗಿಂತ ಒಬ್ಬರು ತಡಾ ಏಳಾಕ ನೋಡತಿದ್ರು ಅನ್ನೋದು ಬ್ಯಾರೆ ಮಾತು.

ತ್ರಾಸ ಅಂದ್ರ ಮಳಿಗಾಲದ್ದು. ನಮ್ಮದು ಎರಿ ನೆಲಾ. ಬ್ಯಾಸಗ್ಯಾಗ ಕೈ ಹೋಗುವಂಗ ಬಿರಕ ಬಿಡತೈತಿ, ಮಳಿ ಬಂತಂದ್ರ ರಾಡಿ. ಕಾಕಾ ಅನ್ನೋರು, "ನಮ್ಮ ಎರಿ ಮುನಿಸಿಕೊಂಡ ಬೀಗರಿದ್ದಂಗ ನೋಡ. ಒಮ್ಮೆ ಕಾಲ ಹಿಡಿತಂದ್ರ ಚಪ್ಪಲಿ ಕಸಗೊಂಡ ಕಳಸತೈತಿ." ಹಿಂದಿನ ಮಳಿಗಾಲದಾಗ ನಮ್ಮಾಕಿ ಕೊಡಾ ಹೊತಗೊಂಡ ಜಾರಿ ಬಿದ್ದು ಕೈ ಮುರಕೊಂಡಿದ್ಲು. ಚಿಗವ್ವಗ ಮೊದಲ ಮೊಣಕಾಲ ನೋವು, ಅಕಿ ಮಳಿ ಹತ್ತಿದ್ರ ಹೊಸ್ತಲಾ ದಾಟತಿದ್ದಿಲ್ಲ. ನಮ್ಮಾಕಿ ತವರಮನಿ ಅಬ್ಬಿಗೇರಿ. ಅಲ್ಲಿ ಅವರ ಅಣ್ಣ ಮನಿ ಮುಂದ ಬ್ಲಾಕ್ ಹಾಕಿಸಿದ್ದ. ಅದನ್ನ ನೋಡಿ ಬಂದಾಗಿಂದ ಅಕಿಗೂ ಅದೇ ಜಪಾ.

ಹೋಳಿ ಹುಣ್ಣಿಮಿ ಆದ ಮ್ಯಾಲ ಒಂದಿನ ಕಟ್ಟಿ ಮ್ಯಾಲ ಚಾ ಕುಡಿಯೋವಾಗ ಮಾತ ತಗದೆ. ಕಾಕಾ ಬಶಿಯಾಗಿನ ಚಾ ಊದಕೋತ, "ಹಾಕ್ಸೂಣಲೇ ಈರ್ಯಾ. ಎಷ್ಟಾಕ್ಕೈತಿ ಕೇಳು. ಎಷ್ಟರ ಆಗ್ಲಿ, ಅರ್ಧಾ ನಿಂದು ಅರ್ಧಾ ನಂದು. ಮುಗೀತಿಲ್ಲ?" ಅಂದ್ರು.

ಮುಗೀಬೇಕಾಗಿತ್ತು. ನಾನ ಮುಗಸಲಿಲ್ಲ.

ನಂದೊಂದ ಸ್ವಭಾವ ಹೇಳಬೇಕು. ನಾನು ನಾಕನೇತ್ತಾಕ್ಕ ಸಾಲಿ ಬಿಟ್ಟಾಂವ. ಗಿರಣಿ ಚಲೋ ನಡಿಯಾಕ ಹತ್ತಿದ ಮ್ಯಾಲ, ಮಗಳು ಹತ್ತನೇತ್ತಾ ಓದುವಾಗ ಅಕಿ ಜೋಡಿ ನಾನೂ ಕುಂತು ಓದಿ, ಹೊರಗಿಂದ ಪರೀಕ್ಷಾ ಕಟ್ಟಿ ಪಾಸಾದೆ. ಕನ್ನಡ, ಸಮಾಜ ಹ್ಯಾಂಗೋ ಆತು. ಗಣಿತದಾಗ ಕ್ಷೇತ್ರಫಲ ಅನ್ನೋದು ಮಾತ್ರ ನನಗ ಭಾಳ ಹಿಡಸಿತು. ಎಂಥಾ ಅಡ್ಡಾತಿಡ್ಡಿ ಜಾಗ ಇದ್ರೂ ಅದನ್ನ ತ್ರಿಕೋನ, ಚೌಕ ಅಂತ ಒಡದು ಕೂಡಿಸಿದ್ರ ಲೆಕ್ಕ ಸಿಗತೈತಿ, ಯಾರಿಗೂ ಅನ್ಯಾಯ ಆಗಂಗಿಲ್ಲ. ನಡು ವಯಸ್ಸಿನ್ಯಾಗ ಬಂದ ವಿದ್ಯಾ, ಕೈ ಸುಮ್ಮ ಇರತಿದ್ದಿಲ್ಲ. "ನಮ್ಮ ಈರ್ಯಾ ರೊಟ್ಟಿ ತಿನ್ನೂಕಿಂತ ಮೊದ್ಲ ಅದರ ಕ್ಷೇತ್ರಫಲ ತಗೀತಾನ" ಅಂತ ಕಾಕಾ ಚಾಷ್ಟಿ ಮಾಡೋರು.

ಅರ್ಧಾ ಅರ್ಧಾ ಅನ್ನೋದು ನಂಗ ಸರಿ ಕಾಣಲಿಲ್ಲ. ನಮ್ಮ ಮನಿ ಅಗಲ, ಅವರದು ಸಣ್ಣದು. ಫೋಮಿನ ಗಾದಿ ಬಂದ ಮ್ಯಾಲ ಕಾಕಾಗ ಕೆಲಸ ಕಡಿಮಿ ಆಗಿತ್ತು. ನನಗ ಗಿರಣಿ ಐತಿ, ಅವರಿಗೇನೈತಿ? ಸುಮ್ಮ "ನೀವು ಕಡಿಮಿ ಕೊಡ್ರಿ" ಅಂದ್ರ ಅವರು ಒಪ್ಪೂ ಪೈಕಿ ಅಲ್ಲ. ಲೆಕ್ಕ ಮಾಡಿ ತೋರಿಸಿದ್ರ ಒಪ್ಪತಾರ ಅಂತ ನನ್ನ ವಿಚಾರ. ಅವರಿಗೆ ಕಡಿಮಿ ಬರ್ಲಿ ಅಂತನ ನಾನು ಎರಡ ಎಸ್ಟಿಮೇಟ್ ಮಾಡಸಾಕ ಹೊಂಟಾಂವ. ಇದನ್ನ ಇವತ್ತಿಗೂ ಯಾರ ಮುಂದೂ ಬಿಡಿಸಿ ಹೇಳಿಲ್ಲ, ಹೇಳಿದ್ರ ಯಾರು ನಂಬತಾರ.

ಎಸ್ಟಿಮೇಟ್ ಮಾಡಾಕ ಗಜೇಂದ್ರಗಡದಿಂದ ರುದ್ರೇಶಿ ಅಂತ ಒಬ್ಬ ಬಂದ. ಬ್ಲಾಕಿನ ಕೆಲಸ ಗುತ್ತಿಗಿ ಹಿಡಿಯಾಂವ, ಹರೇದಾಂವ, ಮಾತುಗಾರ. ಮೋಟಾರ್ ಸೈಕಲ್ಲಿಗೆ ಟೇಪು, ದಾರದ ಉಂಡಿ, ಒಂದ ಹಾರಿ, ಸುಣ್ಣದ ಪುಡಿ ಚೀಲಾ ಕಟಗೊಂಡ ಬಂದಿದ್ದ. ಬಂದಾಂವನ ಮೊದ್ಲ ಹಾರೀಲೆ ನೆಲಾ ಕುಟ್ಟಿ ನೋಡಿ ನಕ್ಕ.

"ಬ್ಲಾಕ್ ತುಟ್ಟಿ ಇಲ್ರಿ ಸಾವ್ಕಾರ. ತುಟ್ಟಿ ಇರೋದು ನಿಮ್ಮೂರ ಮಣ್ಣು" ಅಂದ. "ನಮ್ಮ ಗಜೇಂದ್ರಗಡದಾಗ ಗುಡ್ಡದ ನೆಲಾ, ಒಂದೀಟ ಕೆರದು ಹಾಸಿದ್ರ ಕುಂದ್ರತೈತಿ. ಇಲ್ಲಿ ಮೊಣಕಾಲ ಮಟಾ ಎರಿ ತಗೀಬೇಕು, ಗರಸ ತುಂಬಬೇಕು, ನೀರ ಹೊಡದು ರೋಲರ್ ಆಡಿಸಬೇಕು, ಮ್ಯಾಲ ಕಲ್ಲಪುಡಿ, ಆಮ್ಯಾಲ ಬ್ಲಾಕ್. ಕಣ್ಣಿಗೆ ಕಾಣೋದಕ್ಕ ರೊಕ್ಕ ಕಡಿಮಿ, ಬುಡಕ ಹೋಗೋದಕ್ಕ ಜಾಸ್ತಿ."

"ಅಗಿಯೂದ ಬಿಟ್ಟು ಹಂಗ ಹಾಸಿದ್ರ?" ಅಂದ್ಲು ನಮ್ಮಾಕಿ.

"ನರಗುಂದದಾಗ ಒಬ್ರು ಹಂಗ ಮಾಡ್ಸಿದ್ರ ಅಕ್ಕಾರ. ಮೊದಲನೇ ಮಳಿಗೆ ಎಲ್ಲಾ ಕರದ ಹಪ್ಪಳದಂಗ ಎದ್ವು. ನೀವು ಹೂಂ ಅಂದ್ರ ಹಾಸತೀನಿ, ಮುಂದ ನನ್ನ ಹುಡಿಕ್ಕೊಂಡ ಬರಬಾರದು ಮತ್ತ."

ಎಲ್ಲಾರೂ ನಕ್ರು. ಕಾಕಾ ಗಿಡದ ಬುಡಕ ಕುಂತು ಹತ್ತಿ ಹಿಂಜಾಕ ಹತ್ತಿದ್ರು, ಅವರೂ ನಕ್ರು. ಆವಾಗ ನಾನು ರುದ್ರೇಶಿಗೆ ಹೇಳಿದೆ, "ಎರಡ ಎಸ್ಟಿಮೇಟ್ ಮಾಡ್ರಿ. ನಮ್ದು ಬ್ಯಾರೆ, ಅವರದು ಬ್ಯಾರೆ."

"ಹಂಗಾರ ಗಡಿ ಎಲ್ಲೈತ್ರಿ?" ಅಂದ ಅಂವ.

ನಾನು ಕಾಕಾನ ಮಾರಿ ನೋಡಿದೆ, ಕಾಕಾ ನನ್ನ ಮಾರಿ ನೋಡಿದ್ರು. ಇಬ್ಬರಿಗೂ ಗೊತ್ತಿದ್ದಿಲ್ಲ. ಕಡೀಕ ನಾನ ಟೇಪ್ ಹಿಡದು, ಎರಡೂ ಮನಿ ಮೂಲಿಗೆ ಅಳದು, ತ್ರಿಕೋನ ಒಂದ ಕಡೆ ಹಾಕಿ, ಚೌಕ ಒಂದ ಕಡೆ ಹಾಕಿ, ಅವರ ಪಾಲಿಗೆ ಆದಷ್ಟು ಕಡಿಮಿ ಬರೂವಂಗ ನಡುವ ದಾರ ಹಿಡಿಸಿದೆ. ರುದ್ರೇಶಿ ದಾರದ ಗುಂಟ ಸುಣ್ಣದ ಪುಡಿ ಉದರಿಸಿಕೋತ ಹೋದ. ಕರೇ ನೆಲದ ಮ್ಯಾಲ ಬೆಳ್ಳನ ಗೆರಿ ಬಿತ್ತು.

ಮಾಬವ್ವ ಚಿಗವ್ವ ಹೊಸ್ತಲದಾಗ ನಿಂತು, "ಗಿಡ ಯಾರಿಗೆ ಬಂತಬೇ ಗಂಗಾ?" ಅಂತ ಕೇಳಿದ್ಲು.

"ನಡುವ ಬಂದೈತಿ ನೋಡ ಚಿಗವ್ವಾ. ಬೇವಿನಕಾಯಿ ಆ ಕಡೆ ಬಿದ್ರ ನಿನ್ನವು, ಈ ಕಡೆ ಬಿದ್ರ ನನ್ನವು."

"ಕಹಿ ಎಲ್ಲಾ ನೀನ ಇಟಗೋ ಯವ್ವಾ" ಅಂತ ಚಿಗವ್ವ ನಕ್ಕೋತ ಒಳಗ ಹೋದ್ಲು.

ರುದ್ರೇಶಿ ಮತ್ತ ಹಾರೀಲೆ ಅಲ್ಲಲ್ಲಿ ಕುಟಗೋತ ಹೊಂಟ. ಕಾಕಾನ ಕಟ್ಟಿ ಹತ್ರ ಹೋದಾಗ ಸಪ್ಪಳ ಬದಲಾತು. ಧಬ್ ಧಬ್ ಅಂತ ಬರಾಕ ಹತ್ತಿತು.

"ಬುಡಕ ಏನೈತ್ರಿ? ಪೊಳ್ಳ ಐತಲ್ಲ?"

ಅಲ್ಲಿ ಹಗೇವ ಇತ್ತು. ಜ್ವಾಳ ತುಂಬಿ ಇಡೋ ನೆಲದೊಳಗಿನ ಕಣಜ. ಹಳೇ ಕಾಲದಾಗ ಪ್ರತಿ ಮನಿಗೂ ಇದ್ದಂಗ ನಮ್ಮಲ್ಲೂ ಇತ್ತು. ಬಾಯಿಗೆ ಕಲ್ಲ ಮುಚ್ಚಿ ಮಣ್ಣ ಎಳದಿದ್ರು. ನಮ್ಮಪ್ಪ ಹೋದ ಮ್ಯಾಲ ಅದನ್ನ ಯಾರೂ ತಗದಿದ್ದಿಲ್ಲ. ನಾನೂ ಮರತಬಿಟ್ಟಿದ್ದೆ.

"ಇದನ್ನ ತುಂಬಸದ ಹಾಸಿದ್ರ ಒಂದಿನ ಎಲ್ಲಾ ಕೂಡೇ ಕುಸೀತೈತ್ರಿ" ಅಂದ ರುದ್ರೇಶಿ. "ಟ್ರ್ಯಾಕ್ಟರ್‌ಗಟ್ಟಲೆ ಗರಸ ಹಿಡಿತೈತಿ. ಎಲ್ಲಾದಕ್ಕಿಂತ ದೊಡ್ಡ ಖರ್ಚ ಇದಽ. ಗೆರಿ ದಾಟಿ ಆ ಕಡೆ ಬಿದ್ದೈತಿ, ಅಜ್ಜಾರ ಎಸ್ಟಿಮೇಟಿಗೆ ಹಾಕ್ಲ್ಯಾ?"

ಕಾಕಾಗ ಕಡಿಮಿ ಆಗ್ಲಿ ಅಂತ ಗೆರಿ ಹಾಕಿಸಿದ್ರ, ಎಲ್ಲಾದಕ್ಕಿಂತ ದೊಡ್ಡ ಖರ್ಚ ಅವರ ಕಡೆನ ಬಂತಲ್ಲ. ವಿಚಾರ ಮಾಡಾಕ ನಿಂದ್ರಲಿಲ್ಲ ನಾನು. ನ್ಯಾಯ ಮಾತಾಡಾಕ ಹತ್ತೀನಿ ಅಂತ ತಿಳಕೊಂಡು ದೊಡ್ಡ ದನೀಲೆ ಹೇಳಿದೆ, "ಇಲ್ಲ ಇಲ್ಲ, ಹಗೇವ ನಮ್ದು. ಜ್ವಾಳ ನಮ್ಮ ಹೊಲದ್ದ ಇರತಿತ್ತು. ಅವರಿಗೇನೂ ಸಂಬಂಧ ಇಲ್ಲ. ನಮ್ಮ ಕಡೆ ಬರಕೋರಿ."

ಬಿಲ್ಲಿನ ಸಪ್ಪಳ ನಿಂತಿತು.

"ನಿಮ್ದನ?" ಅಂದ್ರು ಕಾಕಾ.

ದನಿಯೊಳಗ ಸಿಟ್ಟ ಇರಲಿಲ್ಲ. ಖರೇನ ಕೇಳಿದಂಗ ಕೇಳಿದ್ರು. ಅವರು ಬೆರಳಿಗೆ ಅಂಟಿದ ಹತ್ತಿ ಬಿಡಿಸಿಕೋತ ರುದ್ರೇಶಿ ಕಡೆ ತಿರುಗಿ ಹೇಳಿದ್ರು: "ಹಗೇವಿನ ಬಾಯಿ ಸಣ್ಣದಿರತೈತಪಾ. ದಪ್ಪ ಮಂದಿ ಇಳಿಯಾಕ ಬರಂಗಿಲ್ಲ. ಮೊದ್ಲ ದೀಪ ಇಳಿಬಿಟ್ಟ ನೋಡೂದು, ದೀಪ ಆರಿತಂದ್ರ ಒಳಗ ಗಾಳಿ ಕೆಟ್ಟೈತಿ. ಆರಲಿಲ್ಲಂದ್ರ ಮನಷ್ಯಾ ಇಳಿಯೂದು. ಇದರಾಗ ಪ್ರತಿ ವರ್ಷಾ ಇಳಿತಿದ್ದಾಂವ ನಾನು. ಕೆಳಗ ನನ್ನ ಜೀವ, ಮ್ಯಾಲ ಹಗ್ಗ ಇವರಪ್ಪನ ಕೈಯಾಗ. ತಗದ ಜ್ವಾಳ ಎರಡೂ ಮನ್ಯಾಗ ರೊಟ್ಟಿ ಆಗತಿತ್ತು. ಎಷ್ಟ ಈ ಮನಿಗೆ, ಎಷ್ಟ ಆ ಮನಿಗೆ ಅಂತ ಅಳೀಲಿಲ್ಲ ಆ ಪುಣ್ಯಾತ್ಮಾ."

ಆಮ್ಯಾಲ ಮತ್ತ ಬಿಲ್ಲ ಕೈಗೆ ತಗೊಂಡ್ರು. "ಇರ್ಲಿ, ಬರಕೋ ಅವರ ಕಡೆನ. ಅವಗ ಲೆಕ್ಕ ಬರತೈತಿ."

ಮರದಿನ ಮುಂಜಾನಿ ನಮ್ಮಾಕಿ ಕಸಾ ಹೊಡಕೋತ ಹೋಗಿ ಸುಣ್ಣದ ಗೆರಿ ಹತ್ರ ನಿಂತ್ಲು. "ಯಾಕ?" ಅಂದೆ. "ಗೆರಿ ಅಳಿಸಿ ಹೋದ್ರ ಅಂವ ಮತ್ತ ಬಂದು ಅಳೀಬೇಕಲ್ಲ" ಅಂದ್ಲು. ಅಕಿ ಮನಸಿನ್ಯಾಗ ಬ್ಯಾರೆ ಏನೂ ಇದ್ದಿಲ್ಲ. ಚಿಗವ್ವನೂ ಎದ್ದು ನೋಡಿದ್ಲು, ತನ್ನ ಹೊಸ್ತಲದಿಂದ ಗೆರಿ ತನಾ ಹೊಡದು ಕಸಬರಗಿ ಮೂಲ್ಯಾಗ ಇಟ್ಲು. ಮೆಣಸಿನಕಾಯಿ ಮೊರಾ ಹೊತಗೊಂಡ ಹೊಂಟ ನಮ್ಮಾಕಿ ಗೆರಿ ಹತ್ರ ಒಂದೀಟ ನಿಂತು, ಹೊಳ್ಳಿ ಬಂದು ಮಾಳಗಿ ಮ್ಯಾಲ ಏರಿಸಿದ್ಲು. ಯಾರೂ ಯಾರಿಗೂ ಏನೂ ಅಂದಿದ್ದಿಲ್ಲ. ಜಗಳಾ ಆಗಿದ್ರ ಚಲೋ ಇತ್ತು ಅಂತ ಈಗ ಅನಸತೈತಿ. ಜಗಳಾ ಆಗಿದ್ರ ಯಾರರ ಹಿರೇರು ಬಂದು ಬಗಿಹರಸತಿದ್ರು, ಎರಡೂ ಮನಿ ಬೈದಾಡಿ ಒಂದ ಕಡೆ ಕುಂತು ಊಟಾ ಮಾಡತಿದ್ವಿ. ಇದಕ್ಕ ಹಿರೇರನ್ನ ಏನಂತ ಹೇಳಿ ಕರಿಯೂದು?

ಕಾಕಾ ಅವತ್ತ ಮುಂಜಾನಿ ನಮ್ಮ ಕಡೆ ನೆಳ್ಳಿಗೆ ಬರಲಿಲ್ಲ. ತಮ್ಮ ಕಟ್ಟಿ ಮುಂದ ಬಿಸಲಾಗ ಕುಂತಿದ್ರು.

"ಕಾಕಾ, ನೆಳ್ಳಿಗೆ ಬರ್ರಿ" ಅಂದೆ.

"ಹತ್ತಿಗೆ ಬಿಸಲ ಚಲೋ ಪಾ. ಮುಗ್ಗ ಹೋಗತೈತಿ" ಅಂದ್ರು.

ಅದೂ ಖರೇನ. ಹತ್ತಿಗೆ ಬಿಸಲ ಬೇಕು.

ಒಂದ ವಾರದಾಗ ಎರಡೂ ಎಸ್ಟಿಮೇಟ್ ಬಂದ್ವು. ನಾನು ಕಾಕಾನ ಮನಿಗೆ ಹೋಗಿ ಮುಂದ ಇಟ್ಟೆ. ಅವರು ನೋಡಲೂ ಇಲ್ಲ. "ನಮ್ದು ಮಣ್ಣ ಇರ್ಲಿ ಬಿಡು ಈರಪ್ಪಾ. ಗಾದಿ ಕೆಲಸಕ್ಕ ಕಲ್ಲ ಯಾಕ? ನೀ ಹಾಕಿಸಿಕೋ" ಅಂದ್ರು. ಈರ್ಯಾ ಹೋಗಿ ಈರಪ್ಪಾ ಆಗಿದ್ದು ಅವತ್ತ.

"ಕಾಕಾ, ನೀವ ಒಂದ ರೂಪಾಯಿನೂ ಕೊಡಬ್ಯಾಡ್ರಿ. ಎಲ್ಲಾ ನಾನ ಹಾಕತೀನಿ. ಎಲ್ಲಾ ಒಂದ ಮಾಡಿ ಹಾಸಿಬಿಡೂಣು" ಅಂದೆ. ಕೈ ಮುಗಿಯೂದ ಒಂದ ಬಾಕಿ.

"ನನ್ನ ಅಂಗಳಕ್ಕ ನೀ ಯಾಕ ರೊಕ್ಕ ಹಾಕ್ತಿ?" ಅಂದ್ರು ಕಾಕಾ.

ನನ್ನ ಅಂಗಳ. ಆ ಮಾತ ಅವರ ಬಾಯಾಗ ನಾನು ಹುಟ್ಟಿದಾಗಿಂದ ಕೇಳಿದ್ದಿಲ್ಲ. ಒಳಗ ಚಿಗವ್ವ ಚಾಕ್ಕ ಇಟ್ಟಿದ್ಲು, ಚಾ ಬಂತು, ಕುಡದೆ, ಎದ್ದ ಬಂದೆ. ಚಾದ ರುಚಿ ನೆನಪಿಲ್ಲ.

ನಮ್ಮಾಕಿ ಕೇಳಿ ಹಣಿ ಹಣಿ ಬಡಕೊಂಡ್ಲು. "ನಿಮಗ ಯಾರ ಹೇಳಿದ್ರು ಹಗೇವ ನಮ್ದು ಅನ್ನಾಕ? ಸುಮ್ಮ ಅರ್ಧಾ ಕೊಡ್ರಿ ಅಂತ ಇಸಗೊಂಡಿದ್ರ ಆಗತಿದ್ದಿಲ್ಲೇನು? ಆಮ್ಯಾಲ ಚಿಗವ್ವಗ ಬ್ಯಾರೆ ಹಾದೀಲೆ ಕೊಡತಿದ್ನಿ ನಾನು. ಜ್ವಾಳಾ ಬೀಸಿದ ರೊಕ್ಕ ಬಿಡತಿದ್ನಿ, ಸೀರಿ ತರತಿದ್ನಿ. ಹೆಂಗಸರ ಲೆಕ್ಕ ಹಂಗಿರತೈತ್ರಿ." ಅಕಿ ಸಾಲಿ ಮೆಟ್ಟಿಲಾ ಹತ್ತಿದಾಕಿ ಅಲ್ಲ.

ನಮ್ಮ ಕಡೆ ಕೆಲಸ ಚಾಲೂ ಆದ ಮ್ಯಾಲ ನಿಲ್ಲಿಸಬೇಕು ಅನಸ್ತು. ಅಷ್ಟರಾಗ ರುದ್ರೇಶಿಗೆ ಮುಂಗಡ ರೊಕ್ಕ ಕೊಟ್ಟಿದ್ದೆ, ನಮ್ಮ ಕಡೆ ಎರಿ ಎಲ್ಲಾ ಅಗದು ಹೊರಗ ಹಾಕಿದ್ರು. ತಗ್ಗ ಹಂಗ ಬಿಟ್ರ ಮಳಿಗಾಲಕ್ಕ ಕೆರಿ ಆಗತಿತ್ತು. ಉಗಾದಿ ಆದ ಮ್ಯಾಲ ಗರಸ ಬಂತು, ರೋಲರ್ ಬಂತು, ಬ್ಲಾಕ್ ಬಂದ್ವು. ಕಡೀ ದಿನ ರುದ್ರೇಶಿ ಗೆರಿ ಗುಂಟ ಉದ್ದಕ ಸಿಮೆಂಟಿನ ಕಲ್ಲ ನಿಲ್ಲಿಸಾಕ ಹತ್ತಿದ. ಗೇಣ ಎತ್ತರದ್ದು.

"ಇದು ಯಾಕ?" ಅಂದೆ.

"ಅಂಚ ಕಟ್ಟಲೇಬೇಕ್ರಿ. ಇಲ್ಲಾಂದ್ರ ಬ್ಲಾಕ್ ಸರಕೋತ ಹೋಗತಾವು. ಆ ಕಡೇನೂ ಹಾಸಿದ್ರ ಇದು ಬೇಕಾಗತಿದ್ದಿಲ್ಲ, ಗ್ವಾಡೀಗೆ ಗ್ವಾಡಿ ಹಿಡಕೊಳ್ತಿದ್ವು" ಅಂದ.

ಕಾಕಾ ಕಟ್ಟಿ ಮ್ಯಾಲ ಕುಂತು ನೋಡಾಕ ಹತ್ತಿದ್ರು. "ಚಲೋ ಗಟ್ಟಿ ಕಟ್ಟಪಾ ರುದ್ರೇಶಿ" ಅಂದ್ರು. ಕುಚೇಷ್ಟಿಗೆ ಅಂದ್ರೋ, ಖರೇ ಅಂದ್ರೋ ನನಗ ತಿಳೀಲಿಲ್ಲ. ಮೊದ್ಲೆಲ್ಲಾ ಅವರ ಮಾತಿನ್ಯಾಗ ಯಾವದು ಚಾಷ್ಟಿ, ಯಾವದು ಖರೇ ಅಂತ ನಂಗ ಕಣ್ಣ ಮುಚ್ಚಿದ್ರೂ ಗೊತ್ತಾಗತಿತ್ತು.

ಮಾತ ಬಿಟ್ಟಿಲ್ಲ ನಾವು. ಎದರಿಗೆ ಬಂದ್ರ "ಊಟಾತಾ?" ಅಂತೀವಿ. ನಮ್ಮಾಕಿ ಹೋಳಿಗಿ ಮಾಡಿದ್ರ ಆ ಮನಿಗೆ ಹೋಗತಾವು, ಅವರ ಸುರಕುಂಬಾ ನಮ್ಮನಿಗೆ ಬರತೈತಿ. ನೋಡಿದ ಮಂದಿ ಎರಡ ಮನಿ ಭಾಳ ಚಲೋ ಅದಾವು ಅಂತಾರ. ಅವರ ಮಾತೂ ಸುಳ್ಳಲ್ಲ.

ಆ ಬ್ಯಾಸಗಿ ಮುಗಿಯೂಕಿಂತ ಮೊದ್ಲ ಕಾಕಾನ ಸಣ್ಣ ಮಗಳ ಮದಿವಿ ಕೂಡಿ ಬಂತು. ಹಿರೇ ಮಗಳ ಮದಿವಿಗೆ ನಮಗ ಯಾರೂ ಕಾರ್ಡ್ ಕೊಟ್ಟಿದ್ದಿಲ್ಲ. ಕೊಡೂದೇನ ಬಂತು, ಪುರ್ತಗೇರಿ, ಅಸೂಟಿ ಕಡೆ ಕಾರ್ಡ್ ಹಂಚಾಕ ಹೋದಾಂವನ ನಾನು. ಮನ್ಯಾನವರನ್ನ ಯಾರರ ಕರೀತಾರನು?

ಮಧ್ಯಾಹ್ನ. ಗಿರಣಿ ಬಂದ್ ಮಾಡಿ ಬಂದು ನಮ್ಮ ಕಟ್ಟಿ ಮ್ಯಾಲ ಕುಂತಿದ್ದೆ. ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು, ಕೈಯಾಗ ಕಾರ್ಡಿನ ಚೀಲಾ ಹಿಡಕೊಂಡು ಮನಿಯಿಂದ ಹೊರಗ ಬಂದ್ರು. ಊರಾಗ ಹಂಚಾಕ ಹೊಂಟಾರ, ನನ್ನೂ ಜೋಡಿ ಬಾ ಅಂತಾರ ಅಂತ ತಿಳದು ಏಳಾಕ ಹತ್ತಿದೆ. ಅವರು ಅಂಚಿನ ಕಲ್ಲಿನ ಹತ್ರ ನಿಂತ್ರು. ಬಗ್ಗಿ ಎರಡೂ ಚಪ್ಪಲಿ ಬಿಟ್ಟು, ಜೋಡಿಸಿ ಬಾಜೂಕ ಇಟ್ರು. ಆಮ್ಯಾಲ ಬ್ಲಾಕಿನ ಮ್ಯಾಲ ಕಾಲ ಇಟ್ರು.

ನಮ್ಮ ಕಡೆ ಬ್ಯಾಸಗಿ ಮಧ್ಯಾಹ್ನ ಆ ಬ್ಲಾಕ್ ಅಂದ್ರ ರೊಟ್ಟಿ ಹಂಚು. ವಯಸ್ಸಾದ ಮನಷ್ಯಾ, ಒಂದ ಕಾಲ ಎತ್ತಿ ಒಂದ ಕಾಲ ಇಡಕೋತ, ಬರಾಕ ಹತ್ತಿದ್ರು.

"ಕಾಕಾ! ಚಪ್ಪಲಿ ಹಾಕ್ಕೊಂಡ ಬರ್ರಿ! ಕಾಲ ಸುಡತಾವು!" ಅಂತ ಒದರಿದೆ.

"ಇರ್ಲಿ ಬಿಡಪಾ. ಮಣ್ಣ ಮೆತ್ತೈತಿ ಚಪ್ಪಲಿಗೆ. ನಿಮ್ಮ ಅಂಗಳ ಹೊಲಸಾಕ್ಕೈತಿ" ಅಂದ್ರು.

ಕಾರ್ಡ್ ನನ್ನ ಕೈಯಾಗಿಟ್ರು. "ಎಲ್ಲಾರೂ ಬರಬೇಕು" ಅಂದ್ರು. ನಾನು ಕುಂಡ್ರಿ ಅನ್ನೂದರಾಗ ಹೊಳ್ಳಿ, ಅದೇ ಕಾದ ಕಲ್ಲಿನ ಮ್ಯಾಲ ಲಗೂ ಲಗೂ ನಡದ್ರು. ಅಂಚ ದಾಟಿ ತಮ್ಮ ಮಣ್ಣಿನ ಮ್ಯಾಲ ಇಳದ ಮ್ಯಾಲನ ಅವರ ಎರಡೂ ಕಾಲ ಒಂದ ಕಡೆ ನಿಂತ್ವು.